ಜಪಾನಿನಲ್ಲಿ ಓದುವಾಗ ಊರಿನಿಂದ ಮನೆಯವರ ಸ್ನೇಹಿತರು ಬಂದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಪ್ಪನ ಆಫೀಸಿನ ಗೆಳೆಯರು, ಅಮ್ಮನ ಕಾಲೇಜು ಗೆಳತಿ, ಪಕ್ಕದ ಮನೆಯ ಅಂಕಲ್ ಆಂಟಿ ಮಕ್ಕಳ ಸಮೇತ. ಜಪಾನಿಗೆ ಪ್ರವಾಸ ಬರುವವರು ಈಗ ಜಾಸ್ತಿ ಆಗಿದ್ದಾರೆ, ಬೆಂಗಳೂರಿನಿಂದ ಟೋಕಿಯೋ ಹತ್ತಿರದ ನರೀಟಾ ನಿಲ್ದಾಣಕ್ಕೆ ನೇರ ವಿಮಾನವೂ ಇದೆ. "ನಮ್ಮ ಮಕ್ಕಳು ಅಲ್ಲೇ ಇದ್ದಾರಲ್ಲ, ನೋಡಿಕೊಳ್ಳುತ್ತಾರೆ" ಅಂತ ಊರಿನಲ್ಲಿ ಮಾತು ಕೊಟ್ಟಾಗಿರುತ್ತದೆ. ಇಲ್ಲಿ ನೀವು ಒಂದೇ ರೂಮು, ಲ್ಯಾಬು, ಪಾರ್ಟ್‌ಟೈಮ್ ಕೆಲಸದ ನಡುವೆ ಇರುತ್ತೀರಿ. ಟೋಕಿಯೋದಲ್ಲಿ ಓದುವ ಕನ್ನಡದ ಹುಡುಗ ಹುಡುಗಿಯರು ನನ್ನನ್ನು ಕೇಳುವ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ. ಬೇರೆ ಊರಿನಲ್ಲಿ ಇರುವವರಿಗೂ ಮುಕ್ಕಾಲು ಪಾಲು ಉಪಯೋಗಕ್ಕೆ ಬರುತ್ತದೆ.

ಯಾವಾಗ ಬನ್ನಿ ಅಂತ ಹೇಳಲಿ?

ಇಲ್ಲೇ ಮೊದಲ ಇಕ್ಕಟ್ಟು. ಕರ್ನಾಟಕದಲ್ಲಿ ಮಕ್ಕಳಿಗೆ ಬೇಸಿಗೆ ರಜೆ ಏಪ್ರಿಲ್, ಮೇ. ಜಪಾನಿನಲ್ಲಿ ಕಾಲೇಜು ವರ್ಷ ಶುರುವಾಗುವುದೇ ಏಪ್ರಿಲ್‌ನಲ್ಲಿ. ಅವರಿಗೆ ಬಿಡುವಾದಾಗ ನಿಮಗೆ ಹೊಸ ಸೆಮಿಸ್ಟರ್. ದಸರಾ ರಜೆಯಲ್ಲೂ ಅದೇ ಕಥೆ, ಅಕ್ಟೋಬರ್‌ನಲ್ಲಿ ನಿಮಗೆ ಕ್ಲಾಸ್ ನಡೆಯುತ್ತಿರುತ್ತದೆ. ನಿಮಗೆ ರಜೆ ಇರುವುದು ಫೆಬ್ರವರಿ, ಮಾರ್ಚ್‌ನಲ್ಲಿ ಮತ್ತು ಆಗಸ್ಟ್, ಸೆಪ್ಟೆಂಬರ್‌ನಲ್ಲಿ.

ಕೇಳಿದರೆ ನಾನು ಮಾರ್ಚ್ ಕೊನೆಯ ವಾರ ಅಂತಲೇ ಹೇಳುತ್ತೇನೆ. ನಿಮಗೆ ರಜೆ ಇನ್ನೂ ಇರುತ್ತದೆ, ಟೋಕಿಯೋದಲ್ಲಿ ಸಕುರಾ (ಚೆರ್ರಿ ಹೂವು) ಅರಳುವುದೂ ಸಾಮಾನ್ಯವಾಗಿ ಆಗಲೇ. ಹೋಟೆಲ್ ದುಬಾರಿ, ಅದಕ್ಕೆ ಬೇಗ ಬುಕ್ ಮಾಡಿಸಬೇಕು. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ ಗೋಲ್ಡನ್ ವೀಕ್ ಅನ್ನುವ ಸಾಲು ರಜೆ, ಆಗಸ್ಟ್ ಮಧ್ಯದಲ್ಲಿ ಪಿತೃಗಳ ಹಬ್ಬ ಓಬೋನ್. ಈ ಎರಡು ಸಮಯದಲ್ಲಿ ಜಪಾನೀಯರೆಲ್ಲ ಪ್ರಯಾಣದಲ್ಲಿ ಇರುತ್ತಾರೆ, ರೈಲಿನಲ್ಲಿ ಸೀಟು ಸಿಗುವುದು ಕಷ್ಟ. ಆಗಸ್ಟ್‌ನ ಸೆಕೆ ಬೆಂಗಳೂರಿನವರಿಗೆ ತಡೆಯುವುದಿಲ್ಲ, 35 ಡಿಗ್ರಿ ದಾಟಿ ಮೈಯೆಲ್ಲ ಅಂಟಂಟು. ವಯಸ್ಸಾದವರು ಬರುತ್ತಿದ್ದರೆ ಆಗಸ್ಟ್ ಬೇಡ ಅಂತ ನೇರವಾಗಿ ಹೇಳಿ. ಜುಲೈ ಕೊನೆ ಮತ್ತು ಜನವರಿ ಕೊನೆ ನಿಮ್ಮ ಪರೀಕ್ಷೆಯ ಕಾಲ, ಆಗಲೂ ಬೇಡ.

ವೀಸಾಗೆ ನಾನು ಆಹ್ವಾನ ಪತ್ರ, ಗ್ಯಾರಂಟಿ ಪತ್ರ ಕೊಡಬೇಕಾ?

ಬೇಡ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ವೀಸಾ ಬೇಕೇ ಬೇಕು, ಆದರೆ ಪ್ರವಾಸಿ ವೀಸಾವನ್ನು ಅವರೇ ತಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್ಸ್, ಪ್ರವಾಸದ ಪ್ಲ್ಯಾನ್ ಕೊಟ್ಟು ಬೆಂಗಳೂರಿನ ವೀಸಾ ಕೇಂದ್ರದ ಮೂಲಕ ಮಾಡಿಸಿಕೊಳ್ಳಬಹುದು. ಖರ್ಚಿಗೆ ನೀವು ಗ್ಯಾರಂಟಿ ಅಂತ ಸಹಿ ಹಾಕಿದರೆ ನಿಮ್ಮ ಆದಾಯದ ದಾಖಲೆ ಕೇಳುತ್ತಾರೆ. ಸ್ಕಾಲರ್‌ಶಿಪ್ ಮೇಲೆ ಓದುವವರ ಹತ್ತಿರ ಅಂಥ ಆದಾಯ ಎಲ್ಲಿರುತ್ತದೆ? ಅವರಿಗೆ ಸ್ವಂತ ಹಣ ಇರುವಾಗ ನಿಮ್ಮ ಹೆಸರು ಮಧ್ಯೆ ಬಂದರೆ ಕೆಲಸ ಸುಲಭವಾಗುವ ಬದಲು ಗೊಂದಲವಾಗುತ್ತದೆ.

ಭಾರತದವರಿಗೆ 2024ರ ಏಪ್ರಿಲ್‌ನಿಂದ ಪ್ರವಾಸಕ್ಕೆ ಇ-ವೀಸಾ ಬಂದಿದೆ. ವಿಮಾನ ನಿಲ್ದಾಣದಲ್ಲಿ ಅದನ್ನು ಫೋನಿನಲ್ಲಿ ಇಂಟರ್ನೆಟ್ ಹಾಕಿ ತೆರೆದು ತೋರಿಸಬೇಕು. ಸ್ಕ್ರೀನ್‌ಶಾಟ್, ಪ್ರಿಂಟ್ ನಡೆಯುವುದಿಲ್ಲ. ಅಂಕಲ್ ಪ್ಲಾಸ್ಟಿಕ್ ಫೈಲಿನಲ್ಲಿ ಪ್ರಿಂಟ್ ಇಟ್ಟುಕೊಂಡು ಧೈರ್ಯವಾಗಿ ಬರುತ್ತಾರೆ, ಆದ್ದರಿಂದ ಇದನ್ನು ಎರಡು ಸಲ ಹೇಳಿ. ಜಪಾನ್ ಸರ್ಕಾರದ ವೆಬ್‌ಸೈಟ್ ವಿಸಿಟ್ ಜಪಾನ್ ವೆಬ್‌ನಲ್ಲಿ ಇಮಿಗ್ರೇಷನ್, ಕಸ್ಟಮ್ಸ್ ವಿವರಗಳನ್ನು ಹೊರಡುವ ಮೊದಲೇ ತುಂಬಿಸಿದರೆ ಇಳಿದ ಮೇಲೆ ಫಾರ್ಮ್ ಬರೆಯುವ ಕೆಲಸ ತಪ್ಪುತ್ತದೆ. ವೀಡಿಯೋ ಕಾಲ್ ಮಾಡಿ ಜೊತೆಗೆ ಕೂತು ತುಂಬಿಸಿಕೊಡಿ. ದೂರದಿಂದಲೇ ಮಾಡಬಹುದಾದ ಒಳ್ಳೆಯ ಸಹಾಯ ಇದು.

ನನ್ನ ರೂಮಿನಲ್ಲೇ ಉಳಿಸಿಕೊಳ್ಳಬಹುದಾ?

ಯೂನಿವರ್ಸಿಟಿ ಹಾಸ್ಟೆಲ್ ಆದರೆ ಬಹುತೇಕ ಇಲ್ಲ. ಹೊರಗಿನವರು ರಾತ್ರಿ ಉಳಿಯುವ ಹಾಗಿಲ್ಲ ಅಂತ ಹೆಚ್ಚಿನ ಕಡೆ ನಿಯಮ ಇರುತ್ತದೆ. ಯಾರಿಗೂ ಗೊತ್ತಾಗಲ್ಲ ಬಿಡು ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಗೊತ್ತಾದರೆ ರೂಮು ಹೋಗುವುದು ನಿಮ್ಮದು.

ಬಾಡಿಗೆ ಅಪಾರ್ಟ್‌ಮೆಂಟ್ ಆದರೆ ಒಪ್ಪಂದ ಓದಿ. ವಿದ್ಯಾರ್ಥಿಗಳ ರೂಮುಗಳು ಸಾಮಾನ್ಯವಾಗಿ ಒಬ್ಬರಿಗೆ ಅಂತಲೇ ಕೊಟ್ಟಿರುತ್ತಾರೆ. ಒಂದೆರಡು ರಾತ್ರಿ ಒಬ್ಬರು ಉಳಿದರೆ ಸಾಮಾನ್ಯವಾಗಿ ಯಾರೂ ಆಕ್ಷೇಪ ಮಾಡುವುದಿಲ್ಲ, ಆದರೆ ನಾಲ್ಕು ಜನದ ಕುಟುಂಬ ಒಂದು ವಾರ ಅಂದರೆ ಏಜೆಂಟರನ್ನು ಕೇಳಲೇಬೇಕು. ನಿಯಮ ಆಮೇಲೆ, ಜಾಗವನ್ನೇ ನೋಡಿ: ಆರು ತಾತಾಮಿ ಚಾಪೆಯ ರೂಮು ಅಂದರೆ ಸುಮಾರು 10 ಚದರ ಮೀಟರ್. ಅದರಲ್ಲೇ ನಿಮ್ಮ ಹಾಸಿಗೆ, ಮೇಜು, ಒಗೆದ ಬಟ್ಟೆ. ಗೋಡೆಗಳು ತೆಳು, ಬೆಳಿಗ್ಗೆ ಐದಕ್ಕೆ ಎದ್ದು ಜೋರಾಗಿ ಊರಿಗೆ ಫೋನ್ ಮಾಡಿದರೆ ಪಕ್ಕದ ರೂಮಿನವರಿಗೆ ಪೂರ್ತಿ ಕೇಳಿಸುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಒಬ್ಬರೇ ಬಂದರೆ, ಅದೂ ನಿಮ್ಮ ವಯಸ್ಸಿನವರಾದರೆ ರೂಮಿನಲ್ಲಿ ಉಳಿಸಿಕೊಳ್ಳಿ, ಖುಷಿಯಾಗಿರುತ್ತದೆ. ದಂಪತಿ ಅಥವಾ ಕುಟುಂಬ ಬಂದರೆ ನಿಮ್ಮ ಸ್ಟೇಷನ್ ಹತ್ತಿರವೇ ಬಿಸಿನೆಸ್ ಹೋಟೆಲ್ ಹುಡುಕಿ ಕೊಡಿ. ಬೆಳಗಿನ ತಿಂಡಿ ಸೇರಿರುವ ಹೋಟೆಲ್‌ಗಳು ಬೇಕಾದಷ್ಟಿವೆ. ಹಗಲು ನಿಮ್ಮ ರೂಮಿಗೆ ಬರಲಿ, ಅಡುಗೆ ಮಾಡಿಕೊಂಡು ಊಟ ಮಾಡಲಿ, ರಾತ್ರಿ ಹೋಟೆಲ್‌ನಲ್ಲಿ ಕಾಲು ಚಾಚಿ ಮಲಗಲಿ. ಇಲ್ಲಿನ ಎಷ್ಟೋ ಹೋಟೆಲ್‌ಗಳು ರೂಮಿಗಲ್ಲ, ತಲೆಗೆ ಇಷ್ಟು ಅಂತ ದುಡ್ಡು ತೆಗೆದುಕೊಳ್ಳುತ್ತವೆ. ಬುಕ್ ಮಾಡುವಾಗ ಜನರ ಲೆಕ್ಕ ಸರಿಯಾಗಿ ಹಾಕಿ.

ಅದನ್ನು ಹೇಳುವುದು ಹೇಗೆ? ಅಪ್ಪ ಅಮ್ಮನಿಗೆ ಮುಜುಗರ ಆಗುತ್ತದೆ.

ಈ ಪುಟದಲ್ಲಿ ನನಗೆ ಮುಖ್ಯ ಅನಿಸಿರುವುದು ಇದೇ ಪ್ರಶ್ನೆ. ಹೇಳಬೇಕಾದ್ದನ್ನೆಲ್ಲ ಟಿಕೆಟ್ ಬುಕ್ ಆಗುವ ಮೊದಲು ಹೇಳಿ. ಟಿಕೆಟ್ ಆದ ಮೇಲೆ ಹೇಳಿದರೆ ಅದು ಬೇಡ ಅಂದ ಹಾಗೆ ಕೇಳಿಸುತ್ತದೆ, ಮೊದಲೇ ಹೇಳಿದರೆ ಪ್ಲ್ಯಾನ್ ಮಾಡಲು ಸಹಾಯ ಮಾಡಿದ ಹಾಗೆ ಇರುತ್ತದೆ. ಮೊದಲು ಅಪ್ಪ ಅಮ್ಮನಿಗೆ ರೂಮಿನ ವೀಡಿಯೋ ಕಳಿಸಿ. ಬಾಗಿಲಲ್ಲಿ ನಿಂತು ಒಂದು ಸುತ್ತು ಫೋನ್ ತಿರುಗಿಸಿದರೆ ಸಾಕು, ಅಮ್ಮನೇ "ಇದರಲ್ಲಿ ಅವರನ್ನೆಲ್ಲಿ ಮಲಗಿಸುತ್ತೀಯ" ಅಂತ ಕೇಳುತ್ತಾರೆ. ಆಮೇಲೆ ಬರುವವರಿಗೆ ನೀವೇ ಬರೆಯಿರಿ, ಅಪ್ಪನ ಬಾಯಿಂದ ಹೇಳಿಸಬೇಡಿ. ಹೀಗೆ ಬರೆಯಬಹುದು:

"ಅಂಕಲ್, ನಮಸ್ಕಾರ. ನೀವು, ಆಂಟಿ ಬರುತ್ತಿರುವುದು ಕೇಳಿ ತುಂಬಾ ಖುಷಿಯಾಯಿತು. ನನ್ನ ರೂಮು ಒಬ್ಬರಿಗಷ್ಟೇ ಸಾಲುತ್ತದೆ, ಅದಕ್ಕೆ ಐದು ನಿಮಿಷ ನಡೆದರೆ ಸಿಗುವ ಹೋಟೆಲ್ ನೋಡಿಟ್ಟಿದ್ದೇನೆ, ಲಿಂಕ್ ಕಳಿಸುತ್ತೇನೆ. ಶನಿವಾರ, ಭಾನುವಾರ ಪೂರ್ತಿ ನಿಮ್ಮ ಜೊತೆ ಇರುತ್ತೇನೆ. ವಾರದ ದಿನಗಳಲ್ಲಿ ಸಂಜೆ ಆರರ ಮೇಲೆ ಸಿಗುತ್ತೇನೆ. ರಾತ್ರಿ ಊಟ ನಮ್ಮ ರೂಮಿನಲ್ಲೇ ಮಾಡೋಣ."

ಏನು ಆಗುವುದಿಲ್ಲ ಅನ್ನುವುದರ ಪಕ್ಕದಲ್ಲೇ ಏನು ಮಾಡುತ್ತೇನೆ ಅನ್ನುವುದನ್ನೂ ಬರೆಯಿರಿ. ಹಿರಿಯರು ಬೇಜಾರು ಮಾಡಿಕೊಳ್ಳುವುದು ರೂಮು ಚಿಕ್ಕದು ಅಂತಲ್ಲ, ತಮ್ಮನ್ನು ಯಾರೂ ವಿಚಾರಿಸಲಿಲ್ಲ ಅಂತ.

ಖರ್ಚು ಯಾರು ಕೊಡಬೇಕು?

ವಿದ್ಯಾರ್ಥಿಗಳು ಇಲ್ಲಿ ವಾರಕ್ಕೆ 28 ಗಂಟೆಗಿಂತ ಜಾಸ್ತಿ ಕೆಲಸ ಮಾಡುವ ಹಾಗಿಲ್ಲ, ಅದಕ್ಕೂ ಮೊದಲೇ ಅನುಮತಿ ಪಡೆದಿರಬೇಕು. ದೊಡ್ಡ ರಜೆಯಲ್ಲಿ ಮಾತ್ರ ವಾರಕ್ಕೆ 40 ಗಂಟೆ. ಅತಿಥಿಗಳಿಗಾಗಿ ಶಿಫ್ಟ್ ಬಿಟ್ಟರೆ ಆ ತಿಂಗಳ ಬಾಡಿಗೆಗೇ ದುಡ್ಡು ಸಾಲುವುದಿಲ್ಲ. ಇದು ಊರಿನಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ, ಫಾರಿನ್ನಿನಲ್ಲಿ ಇದ್ದಾರೆ ಅಂದರೆ ದುಡ್ಡಿದೆ ಅಂದುಕೊಳ್ಳುತ್ತಾರೆ.

ಮನೆ ಊಟ ನಿಮ್ಮದು. ಹೋಟೆಲ್, ರೈಲು, ಟಿಕೆಟ್ ಅವರದು. ನಿಮ್ಮ ರೈಲು ಟಿಕೆಟ್ ತಾವೇ ಕೊಡುತ್ತೇವೆ ಅಂದರೆ ಒಂದು ಸಲ ಬೇಡ ಅನ್ನಿ, ಎರಡನೇ ಸಲ ಒಪ್ಪಿಕೊಳ್ಳಿ. ಅವರಿಗೂ ಅದರಲ್ಲಿ ಸಮಾಧಾನ ಇರುತ್ತದೆ. ನೀವು ಮುಂಗಡವಾಗಿ ಆನ್‌ಲೈನ್ ಬುಕ್ ಮಾಡಿದ್ದರೆ ರಸೀದಿಯ ಫೋಟೋ ಅವತ್ತೇ ಕಳಿಸಿ, "ಅಪ್ಪನ ಅಕೌಂಟಿಗೆ ಹಾಕಿದರೆ ಸಾಕು ಅಂಕಲ್" ಅಂತ ಬರೆಯಿರಿ. ಲೆಕ್ಕವನ್ನು ಕೊನೆಯ ದಿನದವರೆಗೆ ಎಳೆದರೆ ಕೇಳುವುದೂ ಕಷ್ಟ, ಕೊಡುವುದೂ ಕಷ್ಟ.

ಊರಿನಿಂದ ಏನು ತರಲಿ ಅಂತ ಕೇಳುತ್ತಾರೆ. ಏನು ಹೇಳಲಿ?

ಸಾರಿನ ಪುಡಿ, ಹುಳಿ ಪುಡಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ, ಕಾಫಿಪುಡಿ. ಇಷ್ಟು ಬಂದರೆ ತಿಂಗಳುಗಟ್ಟಲೆ ನೆಮ್ಮದಿ. ಹಸಿ ಕರಿಬೇವು, ವೀಳ್ಯದೆಲೆ, ಮಾವಿನಹಣ್ಣು, ಮಲ್ಲಿಗೆ ಹೂವು ಬೇಡ ಅಂತ ಖಡಾಖಂಡಿತವಾಗಿ ಹೇಳಿ. ಹಸಿ ಎಲೆ, ಹಣ್ಣು, ತರಕಾರಿ, ಹೂವನ್ನು ಸಸ್ಯ ತಪಾಸಣೆಯ ಪ್ರಮಾಣಪತ್ರ ಇಲ್ಲದೆ ತರುವ ಹಾಗಿಲ್ಲ, ಕೆಲವನ್ನು ತರುವ ಹಾಗೆಯೇ ಇಲ್ಲ. ಮಾಂಸ ಹಾಕಿದ ಉಪ್ಪಿನಕಾಯಿ, ಒಣ ಮಾಂಸ ಕೂಡ ನಿಷೇಧ, ದಂಡ ಬೀಳುತ್ತದೆ.

ಮಿಕ್ಸಿ ತರುತ್ತೇವೆ ಅಂದರೆ ತಡೆಯಿರಿ. ಇಲ್ಲಿ ಕರೆಂಟು 100 ವೋಲ್ಟ್, ನಮ್ಮ 230 ವೋಲ್ಟಿನ ಮಿಕ್ಸಿ ಸರಿಯಾಗಿ ತಿರುಗುವುದಿಲ್ಲ. ಫೋನ್ ಚಾರ್ಜರ್ ನಡೆಯುತ್ತದೆ, ಎರಡು ಚಪ್ಪಟೆ ಕಡ್ಡಿಯ ಪ್ಲಗ್ ಅಡಾಪ್ಟರ್ ಮಾತ್ರ ಬೇಕು.

ಔಷಧಿಗಳು?

ಇದರಲ್ಲಿ ಉದಾಸೀನ ಬೇಡ. ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ಸ್ವಂತ ಉಪಯೋಗಕ್ಕೆ ಒಂದು ತಿಂಗಳಿಗೆ ಆಗುವಷ್ಟು ತರಬಹುದು, ಜಾಸ್ತಿ ಆದರೆ ಮೊದಲೇ ಅನುಮತಿ ಪತ್ರ ಬೇಕು. ಬಿಪಿ, ಶುಗರ್ ಮಾತ್ರೆಗಳ ಜೊತೆ ಚೀಟಿ ಇರಲಿ, ಸ್ಟ್ರಿಪ್‌ನಿಂದ ಬಿಡಿಸಿ ಡಬ್ಬಿಗೆ ಹಾಕುವುದು ಬೇಡ. ನೆಗಡಿ ಮಾತ್ರೆಗಳಲ್ಲಿ ಸ್ಯೂಡೋಎಫೆಡ್ರಿನ್ ಶೇಕಡ 10ಕ್ಕಿಂತ ಜಾಸ್ತಿ ಇದ್ದರೆ ಜಪಾನಿಗೆ ತರುವುದೇ ಅಪರಾಧ. ಕೋಡೀನ್ ಇರುವ ಕೆಮ್ಮಿನ ಸಿರಪ್‌ನಲ್ಲೂ ಎಚ್ಚರ ಬೇಕು. ಸ್ಟ್ರಿಪ್‌ನ ಹಿಂಭಾಗದ ಫೋಟೋ ಕಳಿಸಲು ಹೇಳಿ, ಹೊರಡುವ ಮೊದಲು ನೀವೇ ಓದಿ ನೋಡಿ.

ವಿಮಾನ ನಿಲ್ದಾಣಕ್ಕೆ ಹೋಗಲೇಬೇಕಾ?

ಮೊದಲ ಸಲ ವಿದೇಶಕ್ಕೆ ಬರುವವರು, ವಯಸ್ಸಾದವರು ಆದರೆ ಹೋಗಿ. ಬಾಗಿಲಿನಿಂದ ಹೊರಗೆ ಬಂದಾಗ ಪರಿಚಯದ ಮುಖ ಕಂಡರೆ ಅವರಿಗೆ ಆಗುವ ನೆಮ್ಮದಿಯೇ ಬೇರೆ. ಕ್ಲಾಸ್ ತಪ್ಪಿಸಲು ಆಗದಿದ್ದರೆ ನಿಪ್ಪೋರಿ ಅಥವಾ ಉಯೆನೋ ಸ್ಟೇಷನ್‌ನಲ್ಲಿ ಸಿಗಿ. ನರೀಟಾದಿಂದ ಸ್ಕೈಲೈನರ್ ರೈಲು ಹತ್ತಿದರೆ ನಿಪ್ಪೋರಿಗೆ ಸುಮಾರು 40 ನಿಮಿಷ, ಮಧ್ಯೆ ಬದಲಾಯಿಸುವುದಿಲ್ಲ.

ದೊಡ್ಡ ಸೂಟ್‌ಕೇಸ್‌ಗಳನ್ನು ನಿಲ್ದಾಣದಿಂದಲೇ ಹೋಟೆಲ್‌ಗೆ ಕೊರಿಯರ್ ಮಾಡಿಸಬಹುದು. ಕಪ್ಪು ಬೆಕ್ಕಿನ ಗುರುತಿನ ಯಮಾಟೋ ಕೌಂಟರ್ ಅಲ್ಲೇ ಇರುತ್ತದೆ. ಟೋಕಿಯೋ ಒಳಗಾದರೆ ಸಾಮಾನ್ಯವಾಗಿ ಮರುದಿನ ತಲುಪುತ್ತದೆ. ಒಂದು ದಿನದ ಬಟ್ಟೆ, ಮಾತ್ರೆ, ಪಾಸ್‌ಪೋರ್ಟ್ ಕೈಚೀಲದಲ್ಲಿ ಇಟ್ಟುಕೊಳ್ಳಲಿ. ಪಾಸ್‌ಪೋರ್ಟ್ ಅಂತೂ ಇಲ್ಲಿರುವಷ್ಟು ದಿನವೂ ಜೊತೆಯಲ್ಲೇ ಇರಬೇಕು, ಅದು ಕಾನೂನು.

ಜೆಆರ್ ಪಾಸ್ ತೆಗೆದುಕೊಳ್ಳಲಾ ಅಂತ ಕೇಳುತ್ತಾರೆ.

ಜಪಾನ್ ರೈಲ್ವೇಸ್ ರೈಲುಗಳಲ್ಲಿ ಇಷ್ಟು ದಿನ ಅಂತ ಓಡಾಡಲು ಪ್ರವಾಸಿಗಳಿಗೆ ಕೊಡುವ ಪಾಸ್ ಇದು. ಊರಿನಲ್ಲಿ ಎಲ್ಲರೂ ಹಳೆಯ ಲೆಕ್ಕದಲ್ಲಿ ಇದ್ದಾರೆ. 7 ದಿನದ ಪಾಸ್ 29,650 ಯೆನ್ ಇದ್ದದ್ದು 2023ರ ಅಕ್ಟೋಬರ್‌ನಲ್ಲಿ 50,000 ಯೆನ್ ಆಯಿತು. ಟೋಕಿಯೋದಿಂದ ಕ್ಯೋಟೋಗೆ ಬುಲೆಟ್ ರೈಲು ಶಿಂಕಾನ್ಸೆನ್‌ನಲ್ಲಿ ಹೋಗಿಬರಲು 28,000 ಯೆನ್ ಆಸುಪಾಸು. ಟೋಕಿಯೋ, ಕ್ಯೋಟೋ, ಒಸಾಕಾ ಅಷ್ಟೇ ನೋಡುವವರಿಗೆ ಪಾಸ್ ನಷ್ಟ. ಹಿರೋಶಿಮಾ ಸೇರಿಸಿ ಒಂದೇ ವಾರದಲ್ಲಿ ಓಡಾಡುವವರು ಮಾತ್ರ ಲೆಕ್ಕ ಹಾಕಿ ನೋಡಲಿ.

ಉದ್ದ, ಅಗಲ, ಎತ್ತರ ಕೂಡಿಸಿ 160 ಸೆಂಟಿಮೀಟರ್ ದಾಟುವ ಪೆಟ್ಟಿಗೆ ಇದ್ದರೆ ಕ್ಯೋಟೋ ಕಡೆಯ ಶಿಂಕಾನ್ಸೆನ್‌ನಲ್ಲಿ ಅದಕ್ಕೆ ಜಾಗ ಇರುವ ಸೀಟನ್ನೇ ಮೊದಲೇ ಬುಕ್ ಮಾಡಬೇಕು, ಇಲ್ಲದಿದ್ದರೆ 1,000 ಯೆನ್ ಕಟ್ಟಿಸಿಕೊಳ್ಳುತ್ತಾರೆ. ಮಾಮೂಲಿ ಬೋಗಿಯಲ್ಲಿ ಕಿಟಕಿ ಪಕ್ಕದ ಇ ಸೀಟು ತೆಗೆದುಕೊಡಿ, ಮೋಡ ಇಲ್ಲದಿದ್ದರೆ ಫುಜಿ ಬೆಟ್ಟ ಕಾಣುತ್ತದೆ. ಊರೊಳಗೆ ಓಡಾಡಲು ಮೊದಲೇ ದುಡ್ಡು ತುಂಬಿಸಿ ಬಳಸುವ ಸುಯಿಕಾ ತರಹದ ಕಾರ್ಡ್ ಸಾಕು. 6ರಿಂದ 11 ವರ್ಷದ ಮಕ್ಕಳಿಗೆ ಅರ್ಧ ದರ.

ಸಸ್ಯಾಹಾರಿಗಳಿಗೆ ಊಟ?

ಇದೇ ದೊಡ್ಡ ಕೆಲಸ. ಮಾಂಸ ಕಣ್ಣಿಗೆ ಕಾಣುತ್ತದೆ, ಆದರೆ ಮೀನಿನ ಸಾರ ಕಾಣುವುದಿಲ್ಲ. ಮಿಸೊ ಸೂಪು, ಉದೊನ್, ಸೋಬಾ ನೂಡಲ್ಸ್, ಬೇಯಿಸಿದ ತರಕಾರಿ, ಎಲ್ಲದಕ್ಕೂ ಬುಡದಲ್ಲಿ ದಾಶಿ ಇರುತ್ತದೆ, ಅದನ್ನು ಹೆಚ್ಚಾಗಿ ಒಣಗಿಸಿದ ಬೊನಿಟೊ ಮೀನಿನಿಂದ ಮಾಡುತ್ತಾರೆ. "ಮಾಂಸ ಇದೆಯಾ" ಅಂತ ಕೇಳಿದರೆ ಇಲ್ಲ ಅನ್ನುತ್ತಾರೆ, ಸುಳ್ಳಲ್ಲ, ಆದರೆ ಮೀನು ಇರುತ್ತದೆ. ಪ್ಯಾಕೆಟ್ ಮೇಲೆ ಕಡ್ಡಾಯವಾಗಿ ತೋರಿಸಬೇಕಾದ ಅಲರ್ಜಿ ಪಟ್ಟಿಯಲ್ಲಿ ಮೊಟ್ಟೆ, ಹಾಲು, ಗೋಧಿ, ಸೀಗಡಿ ಇವೆ, ಮೀನು ಇಲ್ಲ. ಆದ್ದರಿಂದ ಪದಾರ್ಥಗಳ ಸಾಲನ್ನೇ ಪೂರ್ತಿ ಓದಬೇಕು. ಅವರ ಫೋನಿನಲ್ಲಿ ಕ್ಯಾಮೆರಾ ಹಿಡಿದು ಅನುವಾದ ಮಾಡುವ ಆ್ಯಪ್ ಹಾಕಿಕೊಡಿ. "ನಾನು ಮಾಂಸ, ಮೀನು, ಮೀನಿನ ದಾಶಿ, ಮೊಟ್ಟೆ ತಿನ್ನುವುದಿಲ್ಲ" ಅಂತ ಜಪಾನಿ ಭಾಷೆಯಲ್ಲಿ ಬರೆದ ಚೀಟಿಯೊಂದನ್ನು ಅವರ ಪರ್ಸಿನಲ್ಲಿ ಇಡಿ.

ಎಷ್ಟು ಕಟ್ಟುನಿಟ್ಟು ಅಂತ ಮೊದಲೇ ಕೇಳಿಕೊಳ್ಳಿ. ಈರುಳ್ಳಿ ಬೆಳ್ಳುಳ್ಳಿಯೂ ಬೇಡ ಅನ್ನುವವರು ಇದ್ದಾರೆ, ಕೇಕಿನ ಮೊಟ್ಟೆ ಪರವಾಗಿಲ್ಲ ಅನ್ನುವವರೂ ಇದ್ದಾರೆ. ದೇವಸ್ಥಾನಗಳ ಶೋಜಿನ್ ರಿಯೋರಿ ಊಟದಲ್ಲಿ ಮಾಂಸ, ಮೀನು ಇರುವುದಿಲ್ಲ, ಸಂಪ್ರದಾಯದ ಪ್ರಕಾರ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ದುಬಾರಿ, ಆದರೂ ಒಂದು ಸಲ ಕರೆದುಕೊಂಡು ಹೋಗಿ. ಉಳಿದಂತೆ ರಾತ್ರಿ ಊಟ ಮನೆಯಲ್ಲೇ ಸುಲಭ. ತೊಗರಿಬೇಳೆ, ರವೆ, ಅವಲಕ್ಕಿ ನಿಶಿಕಸಾಯಿಯ ಇಂಡಿಯನ್ ಅಂಗಡಿಗಳಲ್ಲಿ, ಶಿನ್ ಓಕುಬೊದಲ್ಲಿ ಸಿಗುತ್ತವೆ. ಬದನೆ, ಬೆಂಡೆ, ಎಲೆಕೋಸು, ಮೂಲಂಗಿ ಮಾಮೂಲಿ ಅಂಗಡಿಯಲ್ಲೇ ಇವೆ. ಜಪಾನಿನ ಅಂಟು ಅಕ್ಕಿಯಲ್ಲಿ ಸಾರನ್ನ ಒಗ್ಗುವುದಿಲ್ಲ ಅನ್ನುವವರಿಗೆ ಅದೇ ಅಕ್ಕಿಯಲ್ಲಿ ಮೊಸರನ್ನ ಮಾಡಿಕೊಡಿ, ಬಹಳ ಚೆನ್ನಾಗಿರುತ್ತದೆ. ಹಗಲು ತಿರುಗಾಟಕ್ಕೆ ಹೋಗುವಾಗ ಚಪಾತಿ, ಚಟ್ನಿಪುಡಿ ಕಟ್ಟಿಕೊಟ್ಟರೆ ಮಧ್ಯಾಹ್ನ ಒಂದಕ್ಕೆ ನಿಮಗೆ ಗಾಬರಿಯ ಫೋನ್ ಬರುವುದಿಲ್ಲ.

ನಾನು ಕ್ಲಾಸಿಗೆ ಹೋದಾಗ ಅವರು ಏನು ಮಾಡುತ್ತಾರೆ?

ತಾವೇ ಓಡಾಡುತ್ತಾರೆ. ಅವರಿಂದ ಆಗುತ್ತದೆ ಅಂತ ನಾವು ನಂಬುವುದಿಲ್ಲ ಅಷ್ಟೇ. ಮೊದಲ ದಿನ ಒಂದು ಮಾರ್ಗವನ್ನು ಜೊತೆಗೆ ಹೋಗಿ ತೋರಿಸಿ: ಹೋಟೆಲ್‌ನಿಂದ ಸ್ಟೇಷನ್, ಕಾರ್ಡ್ ತೋರಿಸುವುದು, ಬಣ್ಣ ಮತ್ತು ಅಕ್ಷರ ನೋಡಿ ರೈಲು ಹಿಡಿಯುವುದು, ಎಕ್ಸಿಟ್ ನಂಬರ್. ಟೋಕಿಯೋ ಸ್ಟೇಷನ್‌ಗಳಿಗೆ ಅಕ್ಷರ ಮತ್ತು ನಂಬರ್ ಇದೆ, ಅಸಾಕುಸಾ ಅಂದರೆ ಗಿನ್ಜಾ ಲೈನ್‌ನಲ್ಲಿ ಜಿ 19. ಹೆಸರಿಗಿಂತ ಇದು ಅವರಿಗೆ ಬೇಗ ನೆನಪಿರುತ್ತದೆ. ಇ-ಸಿಮ್ ಊರಿನಲ್ಲೇ ಹಾಕಿಸಿಕೊಂಡು ಬರಲಿ. ನಗದು ಬೇಕಾದರೆ ಸೆವೆನ್ ಇಲೆವೆನ್ ಅಂಗಡಿಯ ಎಟಿಎಂಗಳಲ್ಲಿ ವಿದೇಶಿ ಕಾರ್ಡ್ ನಡೆಯುತ್ತದೆ.

ಎಲ್ಲಿಗೆ ಕರೆದುಕೊಂಡು ಹೋಗಲಿ?

ಸೆನ್ಸೋಜಿ, ಮೇಯ್ಜಿ ಜಿಂಗು, ಶಿಬುಯಾ ಅವರೇ ಪಟ್ಟಿ ಮಾಡಿಕೊಂಡು ಬಂದಿರುತ್ತಾರೆ. ನಮ್ಮ ಹಿರಿಯರಿಗೆ ಮನಸ್ಸು ತುಂಬುವ ಜಾಗಗಳು ಬೇರೆ ಇವೆ. ಉಯೆನೋದ ಶಿನೊಬಾಜು ಕೆರೆಯ ಮಧ್ಯದಲ್ಲಿ ಬೆನ್ಜೈತೆನ್ ಗುಡಿ ಇದೆ, ಅವಳು ನಮ್ಮ ಸರಸ್ವತಿಯೇ, ಬೌದ್ಧ ಧರ್ಮದ ಜೊತೆ ಬಂದು ಇಲ್ಲಿ ವೀಣೆಯ ಬದಲು ಬಿವಾ ಅನ್ನುವ ತಂತಿವಾದ್ಯ ಹಿಡಿದಿದ್ದಾಳೆ. ಅಸಾಕುಸಾ ಹತ್ತಿರದ ಮಾತ್ಸುಚಿಯಾಮಾ ಶೋದೆನ್‌ನಲ್ಲಿ ಪೂಜೆ ನಡೆಯುವುದು ಕಾಂಗಿತೆನ್‌ಗೆ, ಅಂದರೆ ಗಣಪತಿಗೆ. ಮೂರ್ತಿಯನ್ನು ಯಾರಿಗೂ ತೋರಿಸುವುದಿಲ್ಲ, ಭಕ್ತರು ಮೂಲಂಗಿ ಅರ್ಪಿಸುತ್ತಾರೆ. ಇಲ್ಲಿ ಆಂಟಿಯರು ಚಪ್ಪಲಿ ಬಿಟ್ಟು, ಕೈಮುಗಿದು, ಹೊರಡುವ ಮನಸ್ಸೇ ಇಲ್ಲದೆ ನಿಲ್ಲುವುದನ್ನು ನೋಡಿದ್ದೇನೆ.

ಸುಗಿನಾಮಿ ವಾರ್ಡಿನ ರೆಂಕೋಜಿ ದೇವಸ್ಥಾನದಲ್ಲಿ ನೇತಾಜಿ ಸುಭಾಷ್‌ಚಂದ್ರ ಬೋಸರದ್ದು ಎನ್ನಲಾದ ಚಿತಾಭಸ್ಮ ಇಟ್ಟಿದ್ದಾರೆ, ಅಂಗಳದಲ್ಲಿ ಅವರ ಪ್ರತಿಮೆ ಇದೆ. ನೆಹರು, ವಾಜಪೇಯಿ ಇಲ್ಲಿಗೆ ಬಂದಿದ್ದರು. ಹಿಗಾಶಿ ಕೋಎನ್ಜಿ ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಅಂಕಲ್‌ಗಳಿಗೆ ತಪ್ಪದೆ ತೋರಿಸಿ.

ದಿನಕ್ಕೆ ಎರಡೇ ಜಾಗ ಇಟ್ಟುಕೊಳ್ಳಿ. ಇಲ್ಲಿ ಎಲ್ಲಕ್ಕೂ ನಡಿಗೆ, ಮೆಟ್ಟಿಲು. ಕ್ಯೋಟೋದ ಫುಶಿಮಿ ಇನಾರಿಯಲ್ಲಿ ತುದಿಯವರೆಗೆ ಹತ್ತಬೇಕಿಲ್ಲ, ಕೆಳಗಿನ ಕೆಂಪು ಕಮಾನುಗಳ ಸಾಲು ನೋಡಿ ಬಂದರೂ ಆಗುತ್ತದೆ. ಮಂಡಿ ನೋವಿದೆಯಾ ಅಂತ ನೀವೇ ಕೇಳಿ, ಅವರಾಗಿ ಹೇಳುವುದಿಲ್ಲ.

ರೈಲಿನಲ್ಲಿ ಜೋರಾಗಿ ಮಾತಾಡಿದರೆ ಹಿರಿಯರಿಗೆ ಹೇಗೆ ಹೇಳುವುದು?

ಆ ಕ್ಷಣದಲ್ಲಿ ಎಲ್ಲರ ಎದುರು ತಿದ್ದಬೇಡಿ. ಬಂದ ಮೊದಲ ಸಂಜೆ ಊಟದ ಹೊತ್ತಿಗೆ ಎಲ್ಲ ಒಟ್ಟಿಗೆ ಹೇಳಿಬಿಡಿ: ರೈಲಿನಲ್ಲಿ ಫೋನ್ ಮಾತಿಲ್ಲ, ಎಸ್ಕಲೇಟರ್‌ನಲ್ಲಿ ಟೋಕಿಯೋದವರು ಎಡಕ್ಕೆ, ಒಸಾಕಾದವರು ಬಲಕ್ಕೆ ನಿಲ್ಲುತ್ತಾರೆ, ರಸ್ತೆಯಲ್ಲಿ ಕಸದ ಬುಟ್ಟಿ ಸಿಗುವುದು ಅಪರೂಪ, ಕಸ ಚೀಲದಲ್ಲೇ ವಾಪಸ್ ತರಬೇಕು. ನಿಮ್ಮ ರೂಮಿನಲ್ಲಿ ಕಸ ಬೇರೆ ಮಾಡುವ ಕೆಲಸ ನೀವೇ ಇಟ್ಟುಕೊಳ್ಳಿ. ಚಪ್ಪಲಿ ಹೊರಗೆ ಬಿಡುವುದನ್ನು ಹೇಳಿಕೊಡಬೇಕಾಗಿಯೇ ಇಲ್ಲ.

ಹುಷಾರು ತಪ್ಪಿದರೆ? ಭೂಕಂಪ ಆದರೆ?

ನಿಮ್ಮ ಹೆಲ್ತ್ ಇನ್ಶೂರೆನ್ಸ್ ನಿಮಗೆ ಮಾತ್ರ. ಅವರು ಪೂರ್ತಿ ಬಿಲ್ ಕಟ್ಟಬೇಕು, ಆದ್ದರಿಂದ ಪ್ರವಾಸದ ವಿಮೆ ಮಾಡಿಸಿಕೊಂಡೇ ಬರಲಿ. ಈ ವಿಷಯದಲ್ಲಿ ಸಂಕೋಚ ಬೇಡವೇ ಬೇಡ. ಆಂಬುಲೆನ್ಸ್ 119, ಪೊಲೀಸ್ 110. ಪ್ರವಾಸಿಗರಿಗೆ ಇಂಗ್ಲಿಷ್‌ನಲ್ಲಿ ಸಹಾಯ ಮಾಡುವ 24 ಗಂಟೆಯ ನಂಬರ್ 050-3816-2787, ಅವರ ಫೋನಿನಲ್ಲಿ ಸೇವ್ ಮಾಡಿಕೊಡಿ.

ಸಣ್ಣ ಕಂಪನ ಇಲ್ಲಿ ಮಾಮೂಲಿ, ನಮ್ಮ ಊರಿನವರಿಗೆ ಅದು ಜೀವ ಹೋದ ಹಾಗೆ ಆಗುತ್ತದೆ. ಫೋನುಗಳು ಒಟ್ಟಿಗೆ ಕೂಗಿಕೊಂಡರೆ ಅದು ಭೂಕಂಪದ ಎಚ್ಚರಿಕೆ, ಹೊರಗೆ ಓಡಬೇಡಿ, ಮೇಜಿನ ಕೆಳಗೆ ಹೋಗಿ ತಲೆ ಕಾಪಾಡಿಕೊಳ್ಳಿ ಅಂತ ಮೊದಲೇ ತಿಳಿಸಿ.

ನನ್ನ ಹೆಸರಿನಲ್ಲಿ ತೆರಿಗೆ ಇಲ್ಲದೆ ಸಾಮಾನು ತೆಗೆಯಬಹುದಾ?

ಆಗುವುದಿಲ್ಲ. ಆ ಸೌಲಭ್ಯ ಪ್ರವಾಸಿಗಳಿಗೆ ಮಾತ್ರ, ವಿದ್ಯಾರ್ಥಿ ವೀಸಾದವರಿಗೆ ಇಲ್ಲ. ಅವರು ತಮ್ಮ ಪಾಸ್‌ಪೋರ್ಟ್ ತೋರಿಸಿ ತಮಗೆ ಬೇಕಾದ್ದು ತೆಗೆದುಕೊಳ್ಳಲಿ, ಒಂದೇ ಅಂಗಡಿಯಲ್ಲಿ ತೆರಿಗೆ ಬಿಟ್ಟು 5,000 ಯೆನ್ ಆಗಬೇಕು. 2026ರ ನವೆಂಬರ್ 1ರಿಂದ ಜಾರಿಯಾಗುವ ಪದ್ಧತಿಯಲ್ಲಿ ಮೊದಲು ತೆರಿಗೆ ಸೇರಿಸಿ ಕಟ್ಟಿ, ಹೊರಡುವಾಗ ವಿಮಾನ ನಿಲ್ದಾಣದಲ್ಲಿ ತೋರಿಸಿ ವಾಪಸ್ ಪಡೆಯಬೇಕು. ನಿಮಗೆ ಲ್ಯಾಪ್‌ಟಾಪ್ ಬೇಕು ಅಂತ ಅವರ ಪಾಸ್‌ಪೋರ್ಟ್‌ನಲ್ಲಿ ತೆಗೆಸಬೇಡಿ, ಆ ಸಾಮಾನು ದೇಶದಿಂದ ಹೊರಗೆ ಹೋಗಲೇಬೇಕು.

"ನಮ್ಮ ಹುಡುಗನನ್ನು ಕರೆದುಕೊಂಡು ಬರುತ್ತೇವೆ, ಅಲ್ಲೇ ಒಂದು ಕೆಲಸ ನೋಡು" ಅಂದರೆ?

ಪ್ರವಾಸಿ ವೀಸಾದಲ್ಲಿ ಕೆಲಸ ಮಾಡುವುದು ಕಾನೂನುಬಾಹಿರ, ಸಹಾಯ ಮಾಡಿದರೆ ನಿಮ್ಮ ವೀಸಾಗೂ ತೊಂದರೆ. ಓದಲು ಬರುವ ಆಸೆ ಇದ್ದರೆ ನಿಮ್ಮ ಕ್ಯಾಂಪಸ್ ತೋರಿಸಿ, ಕ್ಯಾಂಟೀನಿನಲ್ಲಿ ಕೂರಿಸಿ ಮಾತಾಡಿ, ಜಪಾನಿ ಭಾಷೆ ಕಲಿಯಲು ಹೇಳಿ. ಅದಕ್ಕೆ ಎಷ್ಟು ಸಮಯ ಕೊಟ್ಟರೂ ಸರಿ.

ಹೊರಡುವ ದಿನ?

ಹಿಂದಿನ ರಾತ್ರಿಯೇ ಪೆಟ್ಟಿಗೆ ತೂಕ ಹಾಕಿಸಿ. ಪವರ್ ಬ್ಯಾಂಕ್ ಕೈಚೀಲಕ್ಕೆ, ಚಾಕು ಕೊಂಡಿದ್ದರೆ ಚೆಕ್ ಇನ್ ಪೆಟ್ಟಿಗೆಗೆ. ಉಳಿದ ಚಿಲ್ಲರೆ ನಾಣ್ಯಗಳನ್ನು ಭಾರತದಲ್ಲಿ ಬದಲಾಯಿಸಿಕೊಳ್ಳಲು ಆಗುವುದಿಲ್ಲ, ನಿಲ್ದಾಣದ ಅಂಗಡಿಯಲ್ಲೇ ಖರ್ಚು ಮಾಡಲಿ. ಅಪ್ಪ ಅಮ್ಮನಿಗೆ ಏನಾದರೂ ಕಳಿಸುವುದಿದ್ದರೆ ಒಂದು ಕೇಜಿಯೊಳಗೆ ಕಟ್ಟಿ, ಒಳಗೆ ಏನಿದೆ ಅಂತ ಅವರಿಗೆ ತೆಗೆದು ತೋರಿಸಿ ಕೊಡಿ.